ಹಳೆ ಕಾರು ಕುಣಿಯುತ್ತಿದೆಯಾ? ಶಾಕಪ್ ಬದಲಿಸುವ ಮುನ್ನ ನೀವೇ ಮಾಡಬಹುದಾದ ಪರೀಕ್ಷೆ

ಪ್ರತಿ ಮಳೆಗಾಲ ಮುಗಿದ ಮೇಲೆ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ. “ಗಾಡಿ ಹಳೇದು ಅದರಿ. ಹಂಪ್ ಬಂದ್ರ ಧಡ್ ಅಂತದ. ಗ್ಯಾರೇಜಿನವರು ನಾಲ್ಕೂ ಶಾಕಪ್ ಹಾಕಿಸ್ರಿ ಅಂತಾರ. ಹಾಕಿಸ್ಲೇನ್ರಿ?” ಕೇಳುವವರ ಊರು ಕಲಬುರಗಿ ಇರಬಹುದು, ಚಿತ್ತಾಪುರ ಇರಬಹುದು, ಆಳಂದ ಇರಬಹುದು. ಗಾಡಿ ಮಾರುತಿ 800 ಇರಬಹುದು, ಓಮ್ನಿ ಇರಬಹುದು. ಪ್ರಶ್ನೆ ಮಾತ್ರ ಇದೇ.

ಈಗಲೇ ಹಾಕಿಸಬೇಡಿ. ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಮೊದಲು ನೀವೇ ನೋಡಿ. ಧಡ್ ಅನ್ನುವುದೆಲ್ಲ ಶಾಕಪ್ ಅಲ್ಲ. ಸಣ್ಣ ರಬ್ಬರ್ ಬುಷ್ ಸವೆದದ್ದಕ್ಕೆ ನಾಲ್ಕು ಶಾಕಪ್ ಬದಲಿಸಿ, ಸಾವಿರಾರು ರೂಪಾಯಿ ಕೊಟ್ಟು, ಮರುದಿನ ಮತ್ತೆ ಅದೇ ಸದ್ದು ಕೇಳಿಸಿಕೊಂಡವರು ನಮ್ಮಲ್ಲಿ ಕಡಿಮೆ ಇಲ್ಲ.

ನಮ್ಮ ಕಡೆ ಈ ತೊಂದರೆ ಜಾಸ್ತಿ, ಅದಕ್ಕೆ ಕಾರಣ ಇದೆ. ಇದು ಎರೆಭೂಮಿ. ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಗುಂಡಿ ಒಂದೂ ಇಲ್ಲದ ರಸ್ತೆಯಲ್ಲೂ ಗಾಡಿ ತೂಗುತ್ತದೆ. ಸೇಡಂ ಕಡೆ ಸಿಮೆಂಟ್ ಲಾರಿಗಳ ಓಡಾಟ ಬೇರೆ. ಇನ್ನು ಶಹಾಬಾದ್, ವಾಡಿ ಸುತ್ತಲಿನ ಸುಣ್ಣಗಲ್ಲಿನ ಧೂಳು ನಯವಾದ ಹಿಟ್ಟು. ಎಲ್ಲಿ ಎಣ್ಣೆ ಅಂಟಿದೆಯೋ ಅಲ್ಲಿ ಹೋಗಿ ಕೂರುತ್ತದೆ.

ಯಾರ ಕೆಲಸ ಯಾವುದು

ಇದೊಂದು ಗೊತ್ತಾದರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಅದು ಸುರುಳಿ ಸ್ಪ್ರಿಂಗ್ ಇರಬಹುದು, ಕಮಾನ್ ಪಟ್ಟಾ, ಅಂದರೆ ಎಲೆ ಎಲೆಯಾಗಿ ಜೋಡಿಸಿದ ಉಕ್ಕಿನ ಪಟ್ಟಿ, ಇರಬಹುದು. ಶಾಕಪ್, ಅಂದರೆ ಶಾಕ್ ಅಬ್ಸಾರ್ಬರ್, ಭಾರ ಹೊರುವುದಿಲ್ಲ. ಕುಣಿಯುವ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವುದಷ್ಟೇ ಅದರ ಕೆಲಸ.

ಶಾಕಪ್ ಒಳಗೆ ಎಣ್ಣೆ ತುಂಬಿದ ಕೊಳವೆ ಇರುತ್ತದೆ. ಅದರಲ್ಲಿ ಒಂದು ಪಿಸ್ಟನ್. ಪಿಸ್ಟನ್ನಿಗೆ ಸಣ್ಣ ತೂತುಗಳು, ವಾಲ್ವುಗಳು. ಚಕ್ರ ಮೇಲೆ ಕೆಳಗೆ ಹೋದಾಗ ಎಣ್ಣೆ ಆ ತೂತುಗಳಲ್ಲಿ ನುಸುಳಿ ಹೋಗಬೇಕು. ಹಾಗೆ ನುಸುಳುವಾಗ ಕುಣಿತದ ಜೋರು ಇಳಿದು ಬಿಸಿಯಾಗಿ ಹೊರಹೋಗುತ್ತದೆ. ಇದೇ ಹೈಡ್ರಾಲಿಕ್ ಅನ್ನುವುದು. ಕೆಲವದರಲ್ಲಿ ಎಣ್ಣೆ ನೊರೆಯಾಗದಿರಲಿ ಅಂತ ನೈಟ್ರೋಜನ್ ಅನಿಲವನ್ನೂ ತುಂಬಿರುತ್ತಾರೆ. ಅದಕ್ಕೆ ಗ್ಯಾಸ್ ಶಾಕಪ್ ಅನ್ನುತ್ತಾರೆ.

ಯೂಟ್ಯೂಬಿನಲ್ಲಿ ಹುಡುಕಿದರೆ ಪಂಪು, ಉಕ್ಕಿನ ಗೋಳ, ಎಣ್ಣೆ ಪೈಪು ಇರುವ ‘ಹೈಡ್ರಾಲಿಕ್ ಸಸ್ಪೆನ್ಷನ್’ ವಿಡಿಯೊ ಸಿಗುತ್ತವೆ. ಅವು 1955ರಲ್ಲಿ ಬಂದ ಸಿಟ್ರೊಯೆನ್ ಡಿಎಸ್ ತರಹದ ಕಾರುಗಳದ್ದು. ಅಲ್ಲಿ ಭಾರ ಹೊರುವುದೇ ಎಣ್ಣೆ ಮತ್ತು ಅನಿಲ. ನಮ್ಮ ಮಾರುತಿ, ಅಂಬಾಸಿಡರ್, ಬೊಲೆರೊಗಳಿಗೆ ಆ ಸಲಹೆ ಯಾವುದೂ ಹೊಂದುವುದಿಲ್ಲ. ಇಲ್ಲಿ ಎಣ್ಣೆ ಇರುವುದು ಶಾಕಪ್ ಒಳಗೆ ಮಾತ್ರ.

ಇನ್ನೊಂದು ಪದ ಮುಂದೆ ಬರುತ್ತದೆ: ಸ್ಟ್ರಟ್. ಶಾಕಪ್ ಮತ್ತು ಸುರುಳಿ ಸ್ಪ್ರಿಂಗ್ ಎರಡನ್ನೂ ಒಂದೇ ಜೋಡಣೆಯಾಗಿ ಮಾಡಿದ್ದರೆ ಅದು ಸ್ಟ್ರಟ್. ಮಾರುತಿ 800, ಓಮ್ನಿಗಳ ಮುಂದಿನ ಚಕ್ರಗಳಲ್ಲಿ ಇದೇ ಇರುವುದು. ಓಮ್ನಿ, ಅಂಬಾಸಿಡರ್, ಬೊಲೆರೊ ಹಿಂಭಾಗದಲ್ಲಿ ಕಮಾನ್ ಪಟ್ಟಾ ಮತ್ತು ಬೇರೆಯಾಗಿ ಶಾಕಪ್ ಇರುತ್ತವೆ.

ಏನೇನು ಬೇಕು

ಅಳತೆ ಟೇಪು, ಟಾರ್ಚ್, ಹಳೆ ಬಟ್ಟೆ, ಸೀಮೆಸುಣ್ಣ, ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡಲು ಮರದ ತುಂಡು. ಜೊತೆಗೆ ಒಬ್ಬರು. ಸದ್ದು ಎಲ್ಲಿಂದ ಬರುತ್ತಿದೆ ಅಂತ ಒಬ್ಬರೇ ಹಿಡಿಯುವುದು ಕಷ್ಟ.

ಜಾಗ ಸಮತಟ್ಟಾಗಿರಬೇಕು. ನಮ್ಮಲ್ಲಿ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿರುತ್ತಾರೆ, ಅಳತೆಗೆ ಅದು ಒಳ್ಳೆಯದು. ಆದರೆ ಜಾಕನ್ನು ನೇರ ಆ ಕಲ್ಲಿನ ಮೇಲೆ ಇಡಬೇಡಿ. ಕಲ್ಲಿನ ಅಡಿ ಮಣ್ಣು ಕುಸಿದು ಪೊಳ್ಳಾಗಿದ್ದರೆ ಚಪ್ಪಡಿ ಒಡೆಯುತ್ತದೆ, ಜಾಕ್ ವಾಲುತ್ತದೆ. ದಪ್ಪ ಹಲಗೆ ಇಟ್ಟು ಅದರ ಮೇಲೆ ಜಾಕ್ ಇಡಿ. ಗಾಡಿ ಎತ್ತಿದ ಮೇಲೆ ಸ್ಟ್ಯಾಂಡ್ ಬದಲು ಇಟ್ಟಿಗೆ, ಕಲ್ಲು ಒಟ್ಟುವುದಂತೂ ಬೇಡವೇ ಬೇಡ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಒಂದು ನಿಮಿಷಕ್ಕೂ ಬೇಡ.

ಹಂತ 1: ಗಾಳಿ ಮತ್ತು ಭಾರ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಟೈರ್‌ನಲ್ಲಿ ಗಾಳಿ ಜಾಸ್ತಿ ಇದ್ದರೆ ಗಾಡಿ ಗಟ್ಟಿಯಾಗಿ ಕುಕ್ಕುತ್ತದೆ, ಕಡಿಮೆ ಇದ್ದರೆ ತೂಗುತ್ತದೆ. ಎರಡಕ್ಕೂ ಬೈಗುಳ ಶಾಕಪ್‌ಗೆ. ಟೈರ್ ತಣ್ಣಗಿದ್ದಾಗ, ಬೆಳಗ್ಗೆಯೇ, ನಾಲ್ಕೂ ಟೈರಿನ ಗಾಳಿ ನೋಡಿಸಿ. ಎಷ್ಟಿರಬೇಕು ಅನ್ನುವುದು ಗಾಡಿಯ ಪುಸ್ತಕದಲ್ಲಿರುತ್ತದೆ, ಕೆಲವು ಗಾಡಿಗಳಲ್ಲಿ ಡ್ರೈವರ್ ಬಾಗಿಲ ಬಳಿಯೂ ಅಂಟಿಸಿರುತ್ತಾರೆ. ಮೇ ತಿಂಗಳ ಮಧ್ಯಾಹ್ನ ಓಡಿಸಿ ಬಂದು ನೋಡಿದರೆ ಲೆಕ್ಕ ತಪ್ಪುತ್ತದೆ.

ಡಿಕ್ಕಿ ಖಾಲಿ ಮಾಡಿ. ಓಮ್ನಿಯಲ್ಲಿ ತೊಗರಿ ಮೂಟೆ ಹಾಗೇ ಇಟ್ಟುಕೊಂಡು ಹಿಂಭಾಗ ಕುಸಿದಿದೆ ಅಂದರೆ ಏನು ಹೇಳುವುದು? ಗ್ಯಾಸ್ ಕಿಟ್ ಹಾಕಿಸಿದ್ದರೆ ಸಿಲಿಂಡರಿನ ಭಾರ ಸದಾ ಹಿಂದೆಯೇ ಇರುತ್ತದೆ, ಅದು ನೆನಪಿರಲಿ.

ಮಳೆಗಾಲದಲ್ಲಿ ಹೊಲದ ದಾರಿಗೆ ಹೋಗಿ ಬಂದಿದ್ದರೆ ಚಕ್ರದ ಒಳಮಗ್ಗುಲು ತೊಳೆಯಿರಿ. ರಿಮ್ಮಿನ ಒಳಗೆ ಎರೆಮಣ್ಣು ಒಂದೇ ಕಡೆ ಅಂಟಿ ಒಣಗಿದರೆ ಚಕ್ರದ ತೂಕ ಏರುಪೇರಾಗಿ ವೇಗದಲ್ಲಿ ಗಾಡಿ ಅದುರುತ್ತದೆ. ತೊಳೆದರೆ ಸರಿಹೋಗುವ ‘ರಿಪೇರಿ’ ಇದು.

ಹಂತ 2: ಎತ್ತರ ಅಳೆಯಿರಿ

ಗಾಡಿಯನ್ನು ಸ್ವಲ್ಪ ಮುಂದೆ ಹಿಂದೆ ಉರುಳಿಸಿ ನಿಲ್ಲಿಸಿ. ಚಕ್ರದ ನಡುವಿನ ಬಿಂದುವಿನಿಂದ ನೇರ ಮೇಲೆ ಮಡ್ಗಾರ್ಡಿನ ಅಂಚಿನವರೆಗೆ ಟೇಪು ಹಿಡಿಯಿರಿ. ನಾಲ್ಕೂ ಚಕ್ರದ ಅಳತೆ ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ, ಆಗ ಟೈರಿನ ಸವೆತವೂ ಲೆಕ್ಕಕ್ಕೆ ಸೇರುತ್ತದೆ.

ಮುಂದಿನ ಎರಡನ್ನು ಒಂದಕ್ಕೊಂದು ಹೋಲಿಸಿ, ಹಿಂದಿನ ಎರಡನ್ನು ಒಂದಕ್ಕೊಂದು ಹೋಲಿಸಿ. ಒಂದು ಕಡೆ ಕಣ್ಣಿಗೆ ಕಾಣುವಷ್ಟು ತಗ್ಗಿದ್ದರೆ ಅದು ಶಾಕಪ್ ತಪ್ಪಲ್ಲ. ಸ್ಪ್ರಿಂಗ್ ಕುಸಿದಿದೆ ಅಥವಾ ಮುರಿದಿದೆ. ಸುರುಳಿ ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಕೊನೆಯ ಸುತ್ತಿನಲ್ಲಿ, ಕೂರುವ ಬಟ್ಟಲಿನ ಹತ್ತಿರ. ತುಂಡು ಅಲ್ಲೇ ಸಿಕ್ಕಿಕೊಂಡಿರುವುದರಿಂದ ಮೇಲುನೋಟಕ್ಕೆ ತಿಳಿಯುವುದಿಲ್ಲ. ಟಾರ್ಚ್ ಬಿಟ್ಟು ಸುತ್ತಿನ ತುದಿಯವರೆಗೂ ನೋಡಿ. ಕಮಾನ್ ಪಟ್ಟಾ ಆದರೆ ಬಿರುಕು ಬಿಟ್ಟ ಎಲೆ, ತುಂಡಾದ ಸೆಂಟರ್ ಬೋಲ್ಟ್, ಸಡಿಲವಾದ ಯು-ಬೋಲ್ಟ್ ನೋಡಿ. ಸೆಂಟರ್ ಬೋಲ್ಟ್ ಅಂದರೆ ಎಲೆಗಳನ್ನು ನಡುವೆ ಪೋಣಿಸಿ ಹಿಡಿಯುವ ಬೋಲ್ಟು. ಯು-ಬೋಲ್ಟ್ ಅಂದರೆ ಪಟ್ಟಾವನ್ನು ಚಕ್ರದ ಅಚ್ಚಿಗೆ, ಅಂದರೆ ಆಕ್ಸಲ್‌ಗೆ ಬಿಗಿದು ಹಿಡಿಯುವ ಬಾಗಿದ ಬೋಲ್ಟು. ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಆಕ್ಸಲ್ ಜಾಗ ಬಿಟ್ಟು ಸರಿಯಬಹುದು. ಆ ಗಾಡಿ ಓಡಿಸಬೇಡಿ.

ಹಂತ 3: ಒತ್ತಿ ಬಿಡಿ

ಎಲ್ಲರಿಗೂ ಗೊತ್ತಿರುವ ಪರೀಕ್ಷೆ ಇದು, ಆದರೆ ಒಂದು ಸಲ ಸುಮ್ನೆ ಒತ್ತಿ ಬಿಟ್ಟರೆ ಆಗಲಿಲ್ಲ. ಗಾಡಿಯ ಒಂದು ಮೂಲೆಯ ಮೇಲೆ ಎರಡೂ ಕೈ ಊರಿ. ಮೂರು ನಾಲ್ಕು ಸಲ ಒತ್ತಿ ಲಯ ಹಿಡಿಯಿರಿ, ಗಾಡಿ ಕೆಳಗೆ ಹೋದಾಗ ಕೈ ಬಿಡಿ. ಮೇಲೆದ್ದು, ಸ್ವಲ್ಪ ಇಳಿದು ನಿಂತರೆ ಸರಿ. ಮತ್ತೆ ಮೇಲೆ, ಮತ್ತೆ ಕೆಳಗೆ ಅಂತ ತೂಗುತ್ತಿದ್ದರೆ ಆ ಮೂಲೆಯ ಶಾಕಪ್ ಸತ್ತಿದೆ. ತಗಡು ತೆಳುವಾದ ಜಾಗದಲ್ಲಿ ಒತ್ತಬೇಡಿ, ತಗ್ಗು ಬೀಳುತ್ತದೆ.

ಇದರ ಮಿತಿಯೂ ಗೊತ್ತಿರಲಿ. ಪೂರ್ತಿ ಕೆಟ್ಟ ಶಾಕಪ್ ಇಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಕೆಟ್ಟದ್ದು ತಪ್ಪಿಸಿಕೊಳ್ಳುತ್ತದೆ. ಕೈಯಿಂದ ಒತ್ತುವ ವೇಗ ಬೇರೆ, 60 ಕಿ.ಮೀ. ವೇಗದಲ್ಲಿ ಗುಂಡಿಗೆ ಬೀಳುವ ಚಕ್ರದ ವೇಗ ಬೇರೆ. ಕಮಾನ್ ಪಟ್ಟಾದಲ್ಲಿ ಎಲೆಗಳು ಒಂದಕ್ಕೊಂದು ಉಜ್ಜಿ ತಾವೇ ಸ್ವಲ್ಪ ತಡೆಯುತ್ತವೆ. ಹಾಗಾಗಿ ಓಮ್ನಿ ಹಿಂಭಾಗ ಕುಣಿಯಲಿಲ್ಲ ಅಂದ ಮಾತ್ರಕ್ಕೆ ಶಾಕಪ್ ಚೆನ್ನಾಗಿದೆ ಅಂತಲ್ಲ.

ಈಗ ಅಂಗೈಯನ್ನು ಟೈರಿನ ಮೇಲ್ಮೈ ಮೇಲೆ ಸುತ್ತಲೂ ಸವರಿ. ತಂತಿ ಎದ್ದಿದೆಯಾ ಅಂತ ಮೊದಲು ಕಣ್ಣಿಂದ ನೋಡಿ, ಆಮೇಲೆ ಸವರಿ. ಉಬ್ಬು, ತಗ್ಗು, ಮತ್ತೆ ಉಬ್ಬು ಹೀಗೆ ಅಲೆ ಅಲೆಯಾಗಿ ಕೈಗೆ ಸಿಕ್ಕರೆ ಆ ಚಕ್ರ ರಸ್ತೆಯ ಮೇಲೆ ಪುಟಿಯುತ್ತಾ ಓಡಿದೆ ಅಂತ ಅರ್ಥ. ಶಾಕಪ್ ಹಿಡಿತ ಕಳೆದುಕೊಂಡಿದ್ದರೆ ಹೀಗಾಗುತ್ತದೆ. ಚಕ್ರದ ಬ್ಯಾಲೆನ್ಸ್ ಕೆಟ್ಟಿದ್ದರೂ ಆಗಬಹುದು, ಎರಡನ್ನೂ ನೋಡಿಸಿ. ಒಳ ಅಂಚು ಅಥವಾ ಹೊರ ಅಂಚು ಮಾತ್ರ ಸವೆದಿದ್ದರೆ ಅದು ಅಲೈನ್ಮೆಂಟ್, ಅಂದರೆ ಚಕ್ರಗಳು ನಿಂತ ಕೋನದ ವಿಷಯ.

ಹಂತ 4: ಎಣ್ಣೆ ಎಲ್ಲಿಂದ ಬಂತು

ಇಲ್ಲಿ ಅವಸರ ಮಾಡಬೇಡಿ. ಸ್ಟಿಯರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿದರೆ ಮುಂದಿನ ಸ್ಟ್ರಟ್ ಕಾಣುತ್ತದೆ. ಹಿಂದಿನದಕ್ಕೆ ಬಗ್ಗಿ ನೋಡಬೇಕು. ಶಾಕಪ್ಪಿನಲ್ಲಿ ಹೊಳೆಯುವ ಕಂಬಿಯೊಂದು ಒಳಗೆ ಹೊರಗೆ ಓಡಾಡುತ್ತದೆ. ಕೊಳವೆಯ ಬಾಯಲ್ಲಿ ಆ ಕಂಬಿಯ ಸುತ್ತ ಆಯಿಲ್ ಸೀಲ್ ಇರುತ್ತದೆ. ಎಣ್ಣೆ ಹೊರಬರುವುದು ಅಲ್ಲಿಂದ.

ಬಾಯಿಯ ಹತ್ತಿರ ತೆಳುವಾಗಿ ಜಿಡ್ಡು ಕಂಡರೆ ಗಾಬರಿ ಬೇಡ. ಕಂಬಿ ಓಡಾಡುವಾಗ ಸೀಲ್ ಒದ್ದೆ ಇರಲೇಬೇಕು, ಅಷ್ಟು ಪಸೆ ಸಹಜ. ಕೊಳವೆಯ ಮೇಲೆ ಎಣ್ಣೆ ಇಳಿದ ಗೆರೆ ಇದ್ದರೆ, ಅರ್ಧಕ್ಕಿಂತ ಜಾಸ್ತಿ ಒದ್ದೆಯಾಗಿದ್ದರೆ, ಬೂದು ಧೂಳು ಎಣ್ಣೆಯಲ್ಲಿ ನೆನೆದು ಕಪ್ಪು ಮುದ್ದೆಯಾಗಿ ಅಂಟಿದ್ದರೆ ಅದು ಸೋರಿಕೆ. ಅನುಮಾನ ಇದ್ದರೆ ಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣದಿಂದ ಚಕ್ರದ ಹತ್ತಿರ ಒಂದು ಗುರುತು ಹಾಕಿ, ಒಂದು ವಾರ ಓಡಿಸಿ. ಮತ್ತೆ ಒದ್ದೆಯಾದರೆ ಅನುಮಾನ ತೀರಿತು. ಸೀಮೆಎಣ್ಣೆ ಅಥವಾ ಪೆಟ್ರೋಲಿನಿಂದ ಒರೆಸಬೇಡಿ, ಹತ್ತಿರದ ರಬ್ಬರು ಹಾಳಾಗುತ್ತದೆ.

ಎಣ್ಣೆ ಕಂಡದ್ದೆಲ್ಲ ಶಾಕಪ್ಪಿನದ್ದಲ್ಲ. ಚಕ್ರದ ಸುತ್ತ ಕಪ್ಪು ಗ್ರೀಸ್ ಚಿಮ್ಮಿದ್ದರೆ ಆಕ್ಸಲ್ ಜಾಯಿಂಟಿನ ರಬ್ಬರ್ ಬೂಟ್ ಹರಿದಿದೆ. ಚಕ್ರದ ಒಳಗೋಡೆ ಅಥವಾ ಡ್ರಮ್ಮಿನ ಕೆಳಗೆ ತೆಳು ದ್ರವ ಇಳಿದಿದ್ದರೆ ತಕ್ಷಣ ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮಟ್ಟ ಇಳಿದಿದ್ದರೆ ಗಾಡಿ ಅಲ್ಲೇ ನಿಲ್ಲಲಿ. ಶಾಕಪ್ ಸೋರಿದರೆ ಗ್ಯಾರೇಜಿನವರೆಗೆ ನಿಧಾನ ಹೋಗಬಹುದು, ಬ್ರೇಕ್ ಸೋರಿದರೆ ಹೋಗಬಾರದು.

ಕಂಬಿಯನ್ನೂ ನೋಡಿ. ತುಕ್ಕಿನ ಚುಕ್ಕೆ ಅಥವಾ ಗೀರು ಇದ್ದರೆ ಪ್ರತಿ ಏರಿಳಿತಕ್ಕೂ ಅದು ಸೀಲನ್ನು ಕೊರೆಯುತ್ತದೆ. ಮೇಲಿನ ಡಸ್ಟ್ ಕವರ್, ಅಂದರೆ ಧೂಳು ತಡೆಯುವ ರಬ್ಬರ್ ಚೀಲ, ಹರಿದಿದ್ದರೆ ಇಂದು ಚೆನ್ನಾಗಿರುವ ಶಾಕಪ್ಪೂ ನಮ್ಮ ಧೂಳಿನಲ್ಲಿ ಬಹಳ ದಿನ ಬಾಳುವುದಿಲ್ಲ.

ಹಂತ 5: ಸದ್ದು ಕೇಳಿ

ಕಿಟಕಿ ಇಳಿಸಿ, ಹಾಡು ಆರಿಸಿ, ಓಡಾಟ ಕಡಿಮೆ ಇರುವ ರಸ್ತೆಯಲ್ಲಿ ನಿಧಾನ ಓಡಿಸಿ. ಜೊತೆಗಿದ್ದವರು ಹಿಂದಿನ ಸೀಟಿನಲ್ಲಿ ಕೂರಲಿ.

ಸಣ್ಣ ಸಣ್ಣ ಏರುತಗ್ಗಿಗೂ ಟಕ್ ಟಕ್ ಅಂದರೆ ಬುಷ್, ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಕಂಬಿಯನ್ನು ಜೋಡಿಸುವ ಸಣ್ಣ ರಾಡು) ಅಥವಾ ಶಾಕಪ್ ಹಿಡಿದಿರುವ ಬೋಲ್ಟ್ ಸಡಿಲ ಇದೆ. ಬುಷ್ ಅಂದರೆ ಎರಡು ಕಬ್ಬಿಣದ ಭಾಗಗಳ ನಡುವಿನ ರಬ್ಬರು. ಎಣ್ಣೆ ಕಳೆದುಕೊಂಡ ಶಾಕಪ್ ಹೀಗೆ ಸದ್ದು ಮಾಡುವುದಕ್ಕಿಂತ ಗಾಡಿಯನ್ನು ಸುಮ್ನೆ ತೇಲಿಸುವುದೇ ಹೆಚ್ಚು.

ದೊಡ್ಡ ಹಂಪಿಗೆ ಮಾತ್ರ ಒಂದೇ ಸಲ ಧಡ್ ಅಂದರೆ ಸಸ್ಪೆನ್ಷನ್ ಪೂರ್ತಿ ಕೆಳಗೆ ಹೋಗಿ ತಡೆಗೆ ಬಡಿಯುತ್ತಿದೆ. ಸ್ಪ್ರಿಂಗ್ ಕುಸಿದಿರಬೇಕು, ಶಾಕಪ್ ಸತ್ತಿರಬೇಕು ಅಥವಾ ಬಂಪ್ ಸ್ಟಾಪರ್ ಅನ್ನುವ ರಬ್ಬರ್ ಗುಬಟು ಪುಡಿಯಾಗಿರಬೇಕು. ಹಂತ 2 ಮತ್ತು 3ರ ಫಲಿತಾಂಶ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಕಟಕ್ ಅಂದು ಸ್ಪ್ರಿಂಗ್ ಎಗರಿದಂತಾದರೆ ಸ್ಟ್ರಟ್ ಮೌಂಟ್, ಅಂದರೆ ಸ್ಟ್ರಟ್ಟನ್ನು ಮೇಲ್ತುದಿಯಲ್ಲಿ ಹಿಡಿದಿರುವ ಭಾಗ, ಅಥವಾ ಅದರ ಬೇರಿಂಗ್ ಹೋಗಿದೆ. ಒಬ್ಬರು ತಿರುಗಿಸಲಿ, ನೀವು ಸ್ಟ್ರಟ್ ಮೇಲ್ತುದಿಯ ಪಕ್ಕದ ತಗಡಿನ ಮೇಲೆ ಕೈ ಇಡಿ. ಬಡಿತ ಅಂಗೈಗೆ ತಿಳಿಯುತ್ತದೆ. ಓಡುವಾಗ ಪೂರ್ತಿ ತಿರುವಿನಲ್ಲಿ ಕಟಕಟ ಅಂದರೆ ಅದು ಆಕ್ಸಲ್ ಜಾಯಿಂಟ್. ವೇಗ ಏರಿದಂತೆ ಏರುವ ಗುಂಯ್ ಸದ್ದು ವೀಲ್ ಬೇರಿಂಗ್. ಈ ಎರಡಕ್ಕೂ ಶಾಕಪ್‌ಗೂ ಸಂಬಂಧ ಇಲ್ಲ.

ಮಾರುತಿ 800 ಇಟ್ಟುಕೊಂಡವರಿಗೆ ಒಂದು ಮಾತು. ಇದರಲ್ಲಿ ಮುಂದಿನ ಸ್ಟೆಬಿಲೈಸರ್ ಬಾರ್, ಅಂದರೆ ಗಾಡಿ ವಾಲದಂತೆ ತಡೆಯುವ ಕಂಬಿ, ನೇರ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ಗೆ ಸೇರುತ್ತದೆ, ಚಕ್ರ ಮುಂದೆ ಹಿಂದೆ ಸರಿಯದಂತೆ ಹಿಡಿಯುವುದೂ ಅದೇ. ಅಲ್ಲಿನ ಬುಷ್ ಸವೆದರೆ ಬ್ರೇಕ್ ಹಾಕಿದಾಗ ಟಕ್ ಅನ್ನುತ್ತದೆ, ಗಾಡಿ ಒಂದು ಕಡೆ ಎಳೆಯಲೂಬಹುದು. ಬದಲಿಸಬೇಕಾದ್ದು ಬುಷ್ಷನ್ನು, ಶಾಕಪ್ಪನ್ನಲ್ಲ.

ಹಂತ 6: ಚಕ್ರ ಎತ್ತಿ ಅಲುಗಿಸಿ

ನೆಲದಲ್ಲೇ ಉಳಿಯುವ ಚಕ್ರಗಳಿಗೆ ಮುಂದೆ ಹಿಂದೆ ಮರದ ತುಂಡು ಕೊಡಿ. ಮುಂದಿನ ಒಂದು ಚಕ್ರ ಎತ್ತಿ, ಸ್ಟ್ಯಾಂಡ್ ಕೊಡಿ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ, ಅಂದರೆ ಸಡಿಲ, ಇದ್ದರೆ ಬಾಲ್ ಜಾಯಿಂಟ್ (ಲೋವರ್ ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು) ಅಥವಾ ವೀಲ್ ಬೇರಿಂಗ್. ಯಾವುದು ಅಂತ ತಿಳಿಯಲು ಜೊತೆಗಿದ್ದವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಆಟ ನಿಂತರೆ ಬೇರಿಂಗ್, ಹಾಗೇ ಇದ್ದರೆ ಬಾಲ್ ಜಾಯಿಂಟ್. ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಆಟ ಕಂಡರೆ ಸ್ಟಿಯರಿಂಗಿನ ಟೈ ರಾಡ್ ಎಂಡ್, ಅಂದರೆ ಚಕ್ರ ತಿರುಗಿಸುವ ರಾಡಿನ ತುದಿಯ ಕೀಲು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಗುಚುತ್ತದೆ, ಇದನ್ನು ಮುಂದೂಡಬೇಡಿ.

ಹಂತ 7: ಬಿಸಿ ನೋಡಿ

ಇದನ್ನು ಹೇಳಿಕೊಡುವವರು ಕಡಿಮೆ, ನನಗೆ ತುಂಬಾ ನೆಚ್ಚಿನ ಪರೀಕ್ಷೆ. ಬೆಳಗ್ಗೆ ತಂಪು ಹೊತ್ತಿನಲ್ಲಿ ಏರುತಗ್ಗಿನ ರಸ್ತೆಯಲ್ಲಿ ಹತ್ತು ಹದಿನೈದು ಕಿ.ಮೀ. ಓಡಿಸಿ. ನಿಲ್ಲಿಸಿದ ಕೂಡಲೇ ನಾಲ್ಕೂ ಶಾಕಪ್ಪಿನ ಕೊಳವೆಯನ್ನು ಬೆರಳ ಹಿಂಬದಿಯಿಂದ ಮುಟ್ಟಿ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ. ಜೋಡಿಯಲ್ಲಿ ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಕೆಲಸ ಮಾಡಿಲ್ಲ. ಎಡವನ್ನು ಬಲಕ್ಕೆ ಮಾತ್ರ ಹೋಲಿಸಿ, ಮುಂದಿನದನ್ನು ಹಿಂದಿನದಕ್ಕೆ ಹೋಲಿಸಬೇಡಿ. ಬೇಸಿಗೆ ಮಧ್ಯಾಹ್ನ ಇದು ನಡೆಯುವುದಿಲ್ಲ, ನಮ್ಮಲ್ಲಿ ಆಗ ನಿಂತ ಗಾಡಿಯ ಕಬ್ಬಿಣವೂ ಸುಡುತ್ತದೆ. ಸೈಲೆನ್ಸರ್ ಪೈಪಿಗೆ, ಬ್ರೇಕ್ ಡ್ರಮ್ಮಿಗೆ ಕೈ ತಾಗದಂತೆ ನೋಡಿಕೊಳ್ಳಿ.

ಹಂತ 8: ಬಿಚ್ಚಿದ ಮೇಲೆ

ಹಿಂದಿನ ಶಾಕಪ್ ಬೇರೆಯಾಗಿದ್ದರೆ ಅನುಭವ ಇದ್ದವರು ಮನೆಯಲ್ಲೇ ಬಿಚ್ಚಬಹುದು. ಆದರೆ ಸುರುಳಿ ಸ್ಪ್ರಿಂಗ್ ಇರುವ ಕಡೆ ಆಕ್ಸಲ್ ಕೆಳಗೆ ಜಾಕ್ ಕೊಡದೆ ಬಿಚ್ಚಬೇಡಿ. ಎಷ್ಟೋ ಗಾಡಿಗಳಲ್ಲಿ ಆಕ್ಸಲ್ ಕೆಳಗೆ ಜಾರದಂತೆ ತಡೆದಿರುವುದೇ ಶಾಕಪ್. ಅದು ಕಳಚಿದರೆ ಸ್ಪ್ರಿಂಗ್ ಹೊರಬೀಳುತ್ತದೆ, ಬ್ರೇಕ್ ಪೈಪು ಎಳೆದುಕೊಳ್ಳುತ್ತದೆ.

ಸ್ಟ್ರಟ್ ಮಾತ್ರ ಗ್ಯಾರೇಜಿಗೇ ಬಿಡಿ. ಅದರ ಮೇಲ್ತುದಿಯ ನಡುವಿನ ನಟ್ಟನ್ನು ಯಾವ ಕಾರಣಕ್ಕೂ ಮನೆಯಲ್ಲಿ ಸಡಿಲಿಸಬೇಡಿ. ಒತ್ತಿ ಹಿಡಿದ ಸ್ಪ್ರಿಂಗ್ ಆ ನಟ್ಟಿನಿಂದ ನಿಂತಿದೆ. ಬಿಚ್ಚಿಕೊಂಡರೆ ಗುಂಡಿನಂತೆ ಎಗರುತ್ತದೆ, ಜೀವ ತೆಗೆಯುವಷ್ಟು ಜೋರಾಗಿ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಹಗ್ಗ, ತಂತಿ ಕಟ್ಟಿ ಈ ಕೆಲಸ ಮಾಡುವ ಕಡೆ ಗಾಡಿ ಕೊಡಬೇಡಿ.

ಬಿಚ್ಚಿದ ಶಾಕಪ್ಪನ್ನು ಗಾಡಿಯಲ್ಲಿದ್ದ ಹಾಗೇ ನೆಟ್ಟಗೆ ಹಿಡಿದು ಪೂರ್ತಿ ಒತ್ತಿ, ಪೂರ್ತಿ ಎಳೆಯಿರಿ. ನಾಲ್ಕೈದು ಸಲ ಮಾಡಿ. ಉದ್ದಕ್ಕೂ ಒಂದೇ ಸಮ ಬಿಗಿ ಇರಬೇಕು. ಒತ್ತುವುದಕ್ಕಿಂತ ಎಳೆಯುವುದು ಬಿಗಿಯಾಗಿದ್ದರೆ ಅದು ದೋಷ ಅಲ್ಲ, ಮಾಡಿರುವುದೇ ಹಾಗೆ. ನಡುವೆ ಎಲ್ಲಾದರೂ ಥಟ್ಟನೆ ಸಡಿಲವಾಗಿ ಜಾರಿದರೆ ಅಥವಾ ಸಿಕ್ಕಿಕೊಂಡರೆ ಕೆಟ್ಟಿದೆ. ಕಂಬಿ ತಾನಾಗಿ ಹೊರಬರಲಿಲ್ಲ ಅಂತ ಕೆಟ್ಟಿದೆ ಅನ್ನಬೇಡಿ. ತಾನಾಗಿ ಬರುವುದು ಗ್ಯಾಸ್ ಶಾಕಪ್ಪಿನಲ್ಲಿ, ಬರೀ ಎಣ್ಣೆಯದ್ದರಲ್ಲಿ ಅಲ್ಲ.

ಹಂತ 9: ಬದಲಿಸುವುದೇ ಆದರೆ

ಜೋಡಿಯಾಗಿ ಬದಲಿಸಿ. ಮುಂದಿನ ಎರಡು ಅಥವಾ ಹಿಂದಿನ ಎರಡು. ಒಂದು ಹೊಸದು, ಒಂದು ಹಳೆಯದು ಇದ್ದರೆ ತಿರುವಿನಲ್ಲಿ, ಬ್ರೇಕಿನಲ್ಲಿ ಗಾಡಿ ಎಡಕ್ಕೊಂದು ಥರ ಬಲಕ್ಕೊಂದು ಥರ ಆಡುತ್ತದೆ. ನಾಲ್ಕನ್ನೂ ಬದಲಿಸಲೇಬೇಕು ಅಂತೇನಿಲ್ಲ.

ಹಳೆಯದಕ್ಕೆ ತೂತು ಕೊರೆದು, ಎಣ್ಣೆ ತುಂಬಿ, ವೆಲ್ಡ್ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಸವೆದ ಸೀಲೂ ವಾಲ್ವೂ ಹಾಗೇ ಉಳಿದಿರುತ್ತವೆ, ಎಣ್ಣೆಯ ದಪ್ಪವೂ ಹೊಂದುವುದಿಲ್ಲ. ಗ್ಯಾಸ್ ಶಾಕಪ್ಪಾದರೆ ಬಿಸಿ ತಾಗಿ ಸಿಡಿಯುವ ಭಯ ಬೇರೆ. ಬೈಕಿನ ಮುಂದಿನ ಫೋರ್ಕಿಗೆ ಎಣ್ಣೆ, ಸೀಲ್ ಬದಲಿಸುತ್ತಾರಲ್ವಾ ಅಂತ ಕೇಳಬಹುದು. ಅದು ಬಿಚ್ಚಲೆಂದೇ ಮಾಡಿದ್ದು. ಈ ಕೊಳವೆಯನ್ನು ಬಿಚ್ಚಲು ಮಾಡಿಲ್ಲ.

ಕೂರಿಸುವಾಗ ಮುಂದೆ ನಿಂತು ಇಷ್ಟು ನೋಡಿಕೊಳ್ಳಿ. ಅಂಗಡಿಯಲ್ಲಿ ಮಲಗಿಸಿಟ್ಟಿದ್ದ ಹೊಸ ಶಾಕಪ್ಪನ್ನು ನೆಟ್ಟಗೆ ಹಿಡಿದು ಕೆಲವು ಸಲ ಒತ್ತಿ ಎಳೆದ ಮೇಲೆಯೇ ಹಾಕಬೇಕು, ಒಳಗೆ ಸೇರಿದ ಗಾಳಿ ಆಗ ಮೇಲೆ ಹೋಗುತ್ತದೆ. ಕಂಬಿ ತಿರುಗದಿರಲಿ ಅಂತ ಅದನ್ನೇ ಇಕ್ಕಳದಿಂದ ಕಚ್ಚಿ ಹಿಡಿಯಲು ಬಿಡಬೇಡಿ, ಆ ಗೀರಿನಿಂದಲೇ ಹೊಸ ಸೀಲ್ ಹಾಳಾಗುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕೊನೆಯ ಬಿಗಿ ಮಾಡಬೇಕಾದ್ದು ಗಾಡಿ ನೆಲಕ್ಕಿಳಿದು ತನ್ನ ಭಾರದಲ್ಲಿ ನಿಂತ ಮೇಲೆ. ಚಕ್ರ ನೇತಾಡುತ್ತಿರುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೊಸ ಶಾಕಪ್ ಹಾಕಿದ ತಿಂಗಳೊಳಗೆ ಟಕ್ ಟಕ್ ಶುರುವಾಯಿತು ಅನ್ನುವವರು ಮೊದಲು ಇದನ್ನೇ ನೋಡಿಸಿ. ಡಸ್ಟ್ ಕವರ್, ಬಂಪ್ ಸ್ಟಾಪರ್ ಹಳೆಯದನ್ನೇ ಹಾಕುತ್ತಿದ್ದಾರಾ ಅಂತಲೂ ಗಮನಿಸಿ.

ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ವೀಲ್ ಅಲೈನ್ಮೆಂಟ್ ಮಾಡಿಸಲೇಬೇಕು. ಮನೆಗೆ ಬಂದ ಮೇಲೆ ಹಂತ 2ರ ಅಳತೆ ಮತ್ತೆ ತೆಗೆಯಿರಿ. ಕುಸಿದಿದ್ದ ಕಡೆ ಕುಸಿದೇ ಇದ್ದರೆ ಸ್ಪ್ರಿಂಗ್ ಕೆಲಸ ಬಾಕಿ ಇದೆ. ಕೆಲವು ದಿನ ಓಡಿಸಿದ ಮೇಲೆ ಒಮ್ಮೆ ಗ್ಯಾರೇಜಿಗೆ ಹೋಗಿ ಎಲ್ಲ ಬೋಲ್ಟುಗಳ ಬಿಗಿ ನೋಡಿಸಿ, ಬಿಲ್ಲಿನ ಮೇಲೆ ಹಾಕಿದ ತಾರೀಖು ಮತ್ತು ಕಿ.ಮೀ. ಬರೆಸಿಕೊಳ್ಳಿ. ವಾರಂಟಿ ಕೇಳಲು ಹೋದಾಗ ಅಂಗಡಿಯವರು ಮೊದಲು ಕೇಳುವುದು ಅದನ್ನೇ.